ಪೇಟ, ನಾಮ, ಗಡ್ಡ: ವೆಲ್ಲೂರಿನ ಸಿಪಾಯಿಗಳು ಯಾಕೆ ತಿರುಗಿಬಿದ್ದರು?

ಈ ಸಲದ ಸಂಚಿಕೆಯನ್ನು ಟ್ರೈನಿನಲ್ಲೋ ಕಾರಿನಲ್ಲೋ ಕೇಳಿ ಇಲ್ಲಿಗೆ ಬಂದಿರಬಹುದು, ಇಲ್ಲಾ ನೇರವಾಗಿ ಓದೋಕೇ ಕೂತಿರಬಹುದು. ಎರಡೂ ಸರಿ. ಮಾತಿನಲ್ಲಿ ಹೆಸರು, ಇಸವಿಗಳೆಲ್ಲ ಬೇಗ ಬೇಗ ಹಾದುಹೋಗುತ್ತವೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಿಡ್ನಿಯಲ್ಲಿ ಇರೋರಿಗೆ ಮ್ಯಾಕ್ವಾರಿ ಅನ್ನೋ ಹೆಸರು ಹೊಸದಲ್ಲ. ಮ್ಯಾಕ್ವಾರಿ ಸ್ಟ್ರೀಟ್, ಮ್ಯಾಕ್ವಾರಿ ಯೂನಿವರ್ಸಿಟಿ, ಉತ್ತರಕ್ಕೆ ಹೋದರೆ ಲೇಕ್ ಮ್ಯಾಕ್ವಾರಿ. ಲಾಕ್ಲನ್ ಮ್ಯಾಕ್ವಾರಿ 1810ರಿಂದ 1821ರವರೆಗೆ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದವನು. ಆದರೆ ಅದಕ್ಕೂ ಮುಂಚೆ ಅವನು ಎಲ್ಲಿದ್ದ ಗೊತ್ತಾ? ನಮ್ಮ ಶ್ರೀರಂಗಪಟ್ಟಣದ ಕೋಟೆಯ ಹೊರಗೆ. 1799ರಲ್ಲಿ ಟಿಪ್ಪು ಸುಲ್ತಾನನ ರಾಜಧಾನಿಯನ್ನು ಮುತ್ತಿದ ಬ್ರಿಟಿಷ್ ಸೇನೆಯಲ್ಲಿ ಅವನೂ ಒಬ್ಬ ಅಧಿಕಾರಿ. ನೀವು ಕಾಫಿ ಹಿಡಿದು ಓಡಾಡುವ ಬೀದಿಯ ಹೆಸರಿಗೂ ಕಾವೇರಿ ತೀರಕ್ಕೂ ಇಂಥದೊಂದು ನಂಟಿದೆ.

ಆಸ್ಟ್ರೇಲಿಯಾದ ನಕ್ಷೆಯನ್ನೇ ಇನ್ನೂ ಸ್ವಲ್ಪ ಮೇಲಕ್ಕೆ ಸರಿಸಿ. ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲಿ, ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ, ವೆಲ್ಲೆಸ್ಲಿ ದ್ವೀಪಗಳು ಅಂತ ಒಂದು ಗುಂಪಿದೆ. ಅದರಲ್ಲಿ ಒಂದರ ಹೆಸರು ಬೆಂಟಿಂಕ್ ದ್ವೀಪ. ಅದು ಕಯಾಡಿಲ್ಟ್ ಜನರ ನೆಲ. ಆದರೆ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಅದಕ್ಕೆ ಇಟ್ಟದ್ದು ಮದ್ರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕನ ಹೆಸರು. ವೆಲ್ಲೆಸ್ಲಿ ಅಂದರೆ ಟಿಪ್ಪು ಸತ್ತಾಗ ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದವನು. ಈ ಬೆಂಟಿಂಕನ ಆಡಳಿತದಲ್ಲೇ ಇವತ್ತಿನ ನಮ್ಮ ಕಥೆ ನಡೆಯೋದು: 1806ರ ವೆಲ್ಲೂರು ಸಿಪಾಯಿ ದಂಗೆ. 1857ರ ದಂಗೆ ಎಲ್ಲರಿಗೂ ಗೊತ್ತು. ಇದು ಅದಕ್ಕಿಂತ 51 ವರ್ಷ ಹಿಂದಿನದು.

ಧಾರ್ಮಿಕ ಅಸಮಾಧಾನದಿಂದ ಸೈನಿಕರು ದಂಗೆ ಎದ್ದರು ಅಂತ ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆ ಒಂದು ಸಾಲು ನಿಜವೇ? ಎಷ್ಟು ನಿಜ? ಅದನ್ನು ಬಿಡಿಸಿ ನೋಡೋದೇ ಈ ಬರಹದ ಕೆಲಸ.

ಶ್ರೀರಂಗಪಟ್ಟಣದಿಂದ ವೆಲ್ಲೂರಿಗೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಾ ಸತ್ತ. ಮೈಸೂರಿನ ಸಿಂಹಾಸನಕ್ಕೆ ಒಡೆಯರ ಮನೆತನದ ಪುಟ್ಟ ಬಾಲಕ, ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಅಂತ ನಾವು ಕರೆಯುವವರು, ಬಂದರು. ದಿವಾನ್ ಪೂರ್ಣಯ್ಯ ಆಡಳಿತ ನೋಡಿಕೊಂಡರು. ಟಿಪ್ಪುವಿನ ದೊಡ್ಡ ಸೈನ್ಯ ಕರಗಿಹೋಯಿತು. ಇಷ್ಟು ಕಥೆ ಮೈಸೂರು ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಗೊತ್ತಿರುತ್ತೆ.

ಟಿಪ್ಪುವಿನ ಮಕ್ಕಳು, ಹೆಂಗಸರು, ಪರಿವಾರ ಏನಾದರು ಅನ್ನೋದು ಅಷ್ಟಾಗಿ ಗೊತ್ತಿರಲ್ಲ. ಅವರನ್ನು ಮೈಸೂರು ಸೀಮೆಯಲ್ಲಿ ಉಳಿಸಿದರೆ ಅಪಾಯ ಅಂತ ಕಂಪನಿ ಸರ್ಕಾರ ಘಟ್ಟದ ಕೆಳಗೆ, ವೆಲ್ಲೂರು ಕೋಟೆಗೆ ಸಾಗಿಸಿತು. ಹಳಬರ ಬಾಯಲ್ಲಿ ಈ ಊರು ರಾಯವೇಲೂರು. ಬೆಂಗಳೂರಿನಿಂದ ಸುಮಾರು 210 ಕಿಲೋಮೀಟರ್. ಕೋಲಾರದ ಕಡೆಯವರು ಈಗಲೂ ದೊಡ್ಡ ಕಾಯಿಲೆ ಬಂದರೆ ಅಲ್ಲಿನ ಸಿಎಂಸಿ ಆಸ್ಪತ್ರೆಗೆ ಹೋಗುತ್ತಾರೆ. ಕೋಟೆ ವಿಜಯನಗರ ಕಾಲದ್ದು. ಸುತ್ತ ನೀರಿನ ಕಂದಕ, ಒಳಗೆ ಜಲಕಂಠೇಶ್ವರ ದೇವಸ್ಥಾನ. ಆ ಕೋಟೆಯ ಮಹಲುಗಳಲ್ಲಿ ಟಿಪ್ಪುವಿನ ಮಕ್ಕಳು ಪಿಂಚಣಿ ಪಡೆದುಕೊಂಡು, ಕಾವಲಿನಲ್ಲಿ ಬದುಕುತ್ತಿದ್ದರು. ಅವರ ಹಿಂದೆಯೇ ಮೈಸೂರಿನಿಂದ ಬಂದ ಎಷ್ಟೋ ಜನ ಕೋಟೆಯ ಹೊರಗಿನ ಪೇಟೆಯಲ್ಲಿ ನೆಲೆಸಿದ್ದರು.

ಈಗ ಕೋಟೆಯ ಕಾವಲು ಯಾರದ್ದು ಅಂತ ನೋಡಿ. ಬ್ರಿಟಿಷ್ ರಾಜನ 69ನೇ ರೆಜಿಮೆಂಟಿನ ನಾಲ್ಕು ತುಕಡಿ, ಅಂದರೆ ಕೆಲವು ನೂರು ಬಿಳಿಯ ಸೈನಿಕರು. ಅವರ ಜೊತೆ ಮದ್ರಾಸ್ ಸೇನೆಯ ಮೂರು ಭಾರತೀಯ ಬೆಟಾಲಿಯನ್, ಸುಮಾರು 1,500 ಸಿಪಾಯಿಗಳು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಇವರಲ್ಲಿ ಎಷ್ಟೇ ವರ್ಷ ದುಡಿದವನಿಗೂ ಸಿಗಬಹುದಾದ ಅತಿ ದೊಡ್ಡ ಹುದ್ದೆ ಸುಬೇದಾರ. ಮೂವತ್ತು ವರ್ಷ ಯುದ್ಧ ಕಂಡ ಸುಬೇದಾರ ಕೂಡ ನಿನ್ನೆ ಹಡಗಿನಿಂದ ಇಳಿದ ಹದಿನೇಳರ ಇಂಗ್ಲಿಷ್ ಹುಡುಗನಿಗೆ ಸಲಾಂ ಹೊಡೆಯಬೇಕು. ಜೊತೆಗೆ 1796ರ ನಂತರ ಪ್ರತಿ ಬೆಟಾಲಿಯನ್ನಿಗೂ ಯುರೋಪಿಯನ್ ಅಧಿಕಾರಿಗಳ ಸಂಖ್ಯೆ ಹೆಚ್ಚಾಗಿ, ಸುಬೇದಾರರಿಗೆ ಇದ್ದ ಅಲ್ಪಸ್ವಲ್ಪ ಅಧಿಕಾರವೂ ಕಡಿಮೆಯಾಗಿತ್ತು.

ಆದೇಶದಲ್ಲಿ ಏನಿತ್ತು?

1805ರ ಕೊನೆಗೆ ಮದ್ರಾಸ್ ಸೇನೆಗೆ ಒಂದು ಹೊಸ ಮಾದರಿಯ ಪೇಟ ಬಂತು. 1806ರ ಆರಂಭದಲ್ಲಿ ಸೇನಾಪತಿ ಸರ್ ಜಾನ್ ಕ್ರ್ಯಾಡಕ್ ಸೇನೆಯ ನಿಯಮಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಸೇರಿಸಿದ. ಹಳೆಯ ನಿಯಮಗಳ ರಾಶಿಯಲ್ಲಿ ಒಂದು ಹೊಸ ಪ್ಯಾರಾ ಕೂಡ ನುಸುಳಿತು: ಸಮವಸ್ತ್ರದಲ್ಲಿದ್ದಾಗ ಸಿಪಾಯಿ ಹಣೆಯ ಮೇಲೆ ಜಾತಿಯ ಗುರುತು ಹಾಕಬಾರದು, ಕಿವಿಗೆ ಒಂಟಿ ತೊಡಬಾರದು, ಗದ್ದ ನುಣ್ಣಗೆ ಬೋಳಿಸಬೇಕು, ಮೀಸೆಯನ್ನು ಎಲ್ಲರೂ ಒಂದೇ ಅಳತೆಗೆ ಕತ್ತರಿಸಬೇಕು. ಗವರ್ನರ್ ಬೆಂಟಿಂಕ್ ಅದಕ್ಕೆ ಒಪ್ಪಿಗೆ ಕೊಟ್ಟ. ಹೊಸ ಪ್ಯಾರಾ ಒಂದಿದೆ ಅಂತ ತನ್ನ ಗಮನಕ್ಕೇ ಬರಲಿಲ್ಲ ಅನ್ನೋದು ಅವನ ಆಮೇಲಿನ ವಾದ. ಟರ್ಮ್ಸ್ ಅಂಡ್ ಕಂಡೀಷನ್ಸ್ ಓದದೆ ‘ಐ ಅಗ್ರೀ’ ಒತ್ತುವ ನಮಗೆ ಇದು ಅರ್ಥವಾಗುತ್ತೆ. ವ್ಯತ್ಯಾಸ ಏನಂದರೆ, ಇವನ ಒಂದು ಒಪ್ಪಿಗೆ ಸಾವಿರಾರು ಜನರ ಮುಖಕ್ಕೆ ಸಂಬಂಧಿಸಿದ್ದು.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಹಣೆಯ ಗುರುತು ಅಂದರೆ ನಾಮ, ವಿಭೂತಿ, ಗಂಧ. ಇದು ಹಿಂದೂ ಸಿಪಾಯಿಗೆ ತಟ್ಟುತ್ತೆ. ಗಡ್ಡ ಮುಸ್ಲಿಂ ಸಿಪಾಯಿಗೆ. ಕಿವಿಯ ಒಂಟಿ ಕೆಲವರಿಗೆ ಬರೀ ಒಡವೆ, ಕೆಲವರಿಗೆ ಹರಕೆ. ಒಂದೇ ಪ್ಯಾರಾದಲ್ಲಿ ಎಲ್ಲರನ್ನೂ ಮುಟ್ಟಿದ್ದಾಯಿತು. ಬೇರೆ ಬೇರೆ ದೇವರನ್ನು ನಂಬುವ ಜನರನ್ನು ಒಂದೇ ಕಡೆ ನಿಲ್ಲಿಸಿದ್ದು ಈ ಆದೇಶವೇ.

ಇನ್ನು ಹೊಸ ಪೇಟ. ಅದರ ಮೇಲೆ ಚರ್ಮದ ಒಂದು ಅಲಂಕಾರ ಇತ್ತು. ಯಾವ ಪ್ರಾಣಿಯ ಚರ್ಮ? ದನದ್ದೋ, ಹಂದಿಯದ್ದೋ? ಸಿಪಾಯಿಗಳಿಗೆ ಇದೇ ಅನುಮಾನ. ಆಕಾರ ನೋಡಿದರೆ ಪೇಟಕ್ಕಿಂತ ಯುರೋಪಿಯನ್ನರ ಟೋಪಿಯ ಹಾಗಿತ್ತು. ರೆಜಿಮೆಂಟಿನಲ್ಲಿ ತಮಟೆ ಬಾರಿಸುತ್ತಿದ್ದವರು ಹೆಚ್ಚಾಗಿ ಕ್ರೈಸ್ತರು, ಅವರ ತಲೆಯ ಮೇಲಿದ್ದದ್ದು ಇಂಥದೇ ಟೋಪಿ. ಬಂದೂಕಿನ ತಿರುಪು ಬಿಚ್ಚುವ ಪುಟ್ಟ ಸಾಧನವೊಂದನ್ನು ಸಿಪಾಯಿಗಳು ಎದೆಯ ಮೇಲೆ ನೇತುಹಾಕಿಕೊಳ್ಳಬೇಕಿತ್ತು. ಅದು ಶಿಲುಬೆಯ ಹಾಗೆ ಕಾಣುತ್ತೆ ಅಂತಲೂ ಮಾತು ಹಬ್ಬಿತು.

ಕನ್ನಡದಲ್ಲಿ ‘ಟೋಪಿ ಹಾಕೋದು’ ಅಂದರೆ ಮೋಸ ಮಾಡೋದು ಅಂತ ನಿಮಗೆ ಅಪ್ಪ ಅಮ್ಮ ಹೇಳಿಕೊಟ್ಟಿರಬಹುದು. ವೆಲ್ಲೂರಿನ ಸಿಪಾಯಿಗಳಿಗೆ ಅನ್ನಿಸಿದ್ದು ಅಕ್ಷರಶಃ ಅದೇ: ನಮಗೆ ಟೋಪಿ ಹಾಕಿ, ನಮ್ಮನ್ನು ಟೋಪಿಯವರನ್ನಾಗಿ ಮಾಡುತ್ತಿದ್ದಾರೆ.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಧರ್ಮ ಅಂದ ಕೂಡಲೇ ನಾವು ನಂಬಿಕೆ, ದೇವರು, ಪೂಜೆ ಅಂತ ಯೋಚಿಸುತ್ತೇವೆ. ಆ ಸಿಪಾಯಿಗೆ ಅದು ಊಟ, ಮದುವೆ, ಮನೆಯ ಪ್ರಶ್ನೆಯೂ ಹೌದು. ಟೋಪಿ ಹಾಕಿಕೊಂಡು ಊರಿಗೆ ಹೋದರೆ ನೆಂಟರು ಪಂಕ್ತಿಯಲ್ಲಿ ಕೂರಿಸಲ್ಲ, ಹೆಣ್ಣು ಕೊಡಲ್ಲ. ರಜೆಗೆ ಹೋದಾಗ ಹೋಗೋಕೆ ಮನೆಯೇ ಇಲ್ಲ ಅಂದಮೇಲೆ ಸಂಬಳ ತೆಗೆದುಕೊಂಡು ಏನು ಮಾಡೋದು? ‘ಮೂಢನಂಬಿಕೆಯ ಸಿಪಾಯಿಗಳು’ ಅಂತ ಆ ಕಾಲದ ಕೆಲವು ಅಧಿಕಾರಿಗಳು ಬರೆದಿಟ್ಟು ಹೋದರು. ನಾವು ಆ ಪದವನ್ನು ಹಾಗೇ ಎತ್ತಿಕೊಳ್ಳಬೇಕಾಗಿಲ್ಲ.

ಕೇಳಿದವರಿಗೆ ಏನಾಯಿತು?

ಸಿಪಾಯಿಗಳು ಮೊದಲ ದಿನವೇ ಬಂದೂಕು ಎತ್ತಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ.

1806ರ ಮೇ ತಿಂಗಳಲ್ಲಿ, ವೆಲ್ಲೂರಿನಲ್ಲೇ ಇದ್ದ ಒಂದು ಬೆಟಾಲಿಯನ್ನಿನ ಸಿಪಾಯಿಗಳು ಹೊಸ ಪೇಟ ತೊಡಲ್ಲ ಅಂದರು. ಯಾರನ್ನೂ ಹೊಡೆಯಲಿಲ್ಲ, ಕೊಲ್ಲಲಿಲ್ಲ. ಬೇಡ ಅಂದರು, ಅಷ್ಟೇ. ಅವರಲ್ಲಿ 21 ಜನರನ್ನು ಮದ್ರಾಸಿಗೆ ಕಳಿಸಿ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ, ಈ ಇಬ್ಬರಿಗೆ ತಲಾ 900 ಚಾವಟಿ ಏಟು, ಮೇಲೆ ಕೆಲಸದಿಂದ ವಜಾ. ಉಳಿದ 19 ಜನರಿಗೆ ತಲಾ 500 ಏಟು ಅಂತ ತೀರ್ಪಾಯಿತು. ಅವರು ಕ್ಷಮೆ ಕೇಳಿದ ಮೇಲೆ ಬಿಟ್ಟರು.

ಜೂನ್ ಮಧ್ಯದಲ್ಲಿ ಮುಸ್ತಫಾ ಬೇಗ್ ಅನ್ನುವ ಸಿಪಾಯಿ ತನ್ನ ಬ್ರಿಟಿಷ್ ಕರ್ನಲ್ ಹತ್ತಿರ ಹೋಗಿ, ಕೋಟೆಯಲ್ಲಿ ಸಂಚು ನಡೆಯುತ್ತಿದೆ ಅಂತ ಹೇಳಿದ. ಕರ್ನಲ್ ಏನು ಮಾಡಿದ? ಅದೇ ಬೆಟಾಲಿಯನ್ನಿನ ಭಾರತೀಯ ಅಧಿಕಾರಿಗಳನ್ನು ಕರೆದು ವಿಚಾರಿಸಿ ಅಂದ. ಅವರಲ್ಲಿ ಹಲವರು ಸಂಚಿನಲ್ಲಿ ಸೇರಿದ್ದವರೇ! ಇವನಿಗೆ ತಲೆ ಕೆಟ್ಟಿದೆ ಅಂತ ವರದಿ ಕೊಟ್ಟರು. ಮುಸ್ತಫಾ ಬೇಗ್‌ನನ್ನು ಸೆರೆಯಲ್ಲಿಟ್ಟರು. ದಂಗೆ ಮುಗಿದ ಮೇಲೆ ಅದೇ ಸರ್ಕಾರ ಅವನನ್ನು ಕರೆದು ಬಹುಮಾನ ಕೊಟ್ಟಿತು.

ಅಷ್ಟರಲ್ಲಿ ಕ್ರ್ಯಾಡಕ್‌ಗೂ ಸ್ವಲ್ಪ ಅಳುಕು ಶುರುವಾಗಿತ್ತು. ಸಿಪಾಯಿಗಳನ್ನು ಹತ್ತಿರದಿಂದ ಬಲ್ಲ ಹಳೆಯ ಅಧಿಕಾರಿಗಳು ಪೇಟವನ್ನು ವಾಪಸ್ ತೆಗೆದುಕೊಳ್ಳಿ ಅಂದಿದ್ದರು. ಅವನು ಸರ್ಕಾರವನ್ನು ಕೇಳಿದ. ಜುಲೈ ಮೊದಲ ವಾರದಲ್ಲಿ ಬಂದ ಉತ್ತರ: ಈಗ ಹಿಂದೆ ಸರಿದರೆ ಹೆದರಿದ ಹಾಗಾಗುತ್ತೆ, ಸರಿಯಬೇಡಿ. ನಿಮ್ಮ ಧರ್ಮಕ್ಕೆ ಕೈ ಹಾಕುವ ಉದ್ದೇಶ ನಮಗಿಲ್ಲ ಅಂತ ಸಿಪಾಯಿಗಳಿಗೆ ಹೇಳುವ ಒಂದು ಪ್ರಕಟಣೆಯ ಕರಡು ಕೂಡ ಸಿದ್ಧವಾಗಿತ್ತು. ಎಲ್ಲಾ ಶಾಂತವಾಗಿದೆ ಅನ್ನಿಸಿದ್ದರಿಂದ ಅದನ್ನು ಹೊರಡಿಸಲಿಲ್ಲ.

ಜುಲೈ 10ರ ಬೆಳಗಿನ ಜಾವ

ಜುಲೈ 9ರಂದು ಕೋಟೆಯ ಮಹಲಿನಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆ. ಜನ ಸೇರುವುದಕ್ಕೆ ಒಳ್ಳೆಯ ನೆಪ. ಮರುದಿನ ಬೆಳಗ್ಗೆ ಕವಾಯತು ಇದ್ದದ್ದರಿಂದ, ಸಾಮಾನ್ಯವಾಗಿ ಹೊರಗೆ ಮಲಗುತ್ತಿದ್ದ ಸಿಪಾಯಿಗಳೂ ಆ ರಾತ್ರಿ ಕೋಟೆಯೊಳಗೇ ಉಳಿದರು.

ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ದಂಗೆ ಶುರು. ಕಾವಲಿನವರನ್ನು ಕೊಂದರು. 69ನೇ ರೆಜಿಮೆಂಟಿನವರು ಮಲಗಿದ್ದ ಬ್ಯಾರಕ್ಕಿನ ಕಿಟಕಿ ಬಾಗಿಲುಗಳಿಂದ ಒಳಕ್ಕೆ ಗುಂಡು ಹಾರಿಸಿದರು. ಹಾಸಿಗೆಯಲ್ಲಿದ್ದವರು ಹಾಸಿಗೆಯಲ್ಲೇ ಸತ್ತರು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಬಿಡಲಿಲ್ಲ. ಕೋಟೆಯ ಕಮಾಂಡರ್ ಕರ್ನಲ್ ಫ್ಯಾನ್‌ಕೋರ್ಟ್ ಗದ್ದಲ ಕೇಳಿ ಹೊರಗೆ ಬಂದು ಗುಂಡಿಗೆ ಬಲಿಯಾದ. ಒಟ್ಟು 14 ಅಧಿಕಾರಿಗಳು, 69ನೇ ರೆಜಿಮೆಂಟಿನ 115 ಜನ ಸತ್ತರು. ಬೆಳಗಾಗುವ ಹೊತ್ತಿಗೆ ಕೋಟೆಯ ಮೇಲೆ ಮೈಸೂರಿನ ಹುಲಿಪಟ್ಟೆಯ ಬಾವುಟ ಏರಿತ್ತು. ಟಿಪ್ಪುವಿನ ಹಿರಿಯ ಮಗ ಫತೇ ಹೈದರನೇ ಇನ್ನು ದೊರೆ ಅಂತ ಸಾರಿದರು.

ಆಮೇಲೆ? ಆಮೇಲೆ ಏನು ಮಾಡಬೇಕು ಅನ್ನೋ ಯೋಜನೆಯೇ ಇರಲಿಲ್ಲ. ಕೆಲವರು ಲೂಟಿಗೆ ಹೋದರು. ಕೋಟೆಯ ಬಾಗಿಲನ್ನು ಸರಿಯಾಗಿ ಕಾಯುವವರಿರಲಿಲ್ಲ. ಬದುಕುಳಿದ ಬಿಳಿಯ ಸೈನಿಕರ ಒಂದು ಗುಂಪು ಬಾಗಿಲಿನ ಮೇಲಿನ ಗೋಡೆಯನ್ನು ಹಿಡಿದುಕೊಂಡು ಕೂತಿತು. ಹೊರಗಿದ್ದ ಒಬ್ಬ ಅಧಿಕಾರಿ ಸುಮಾರು 25 ಕಿಲೋಮೀಟರ್ ದೂರದ ಆರ್ಕಾಟಿಗೆ ಸುದ್ದಿ ಮುಟ್ಟಿಸಿದ. ಅಲ್ಲಿಂದ ಕರ್ನಲ್ ರಾಬರ್ಟ್ ಗಿಲ್ಲೆಸ್ಪಿ 19ನೇ ಡ್ರ್ಯಾಗೂನ್ ಕುದುರೆ ದಳದೊಂದಿಗೆ ಓಡಿ ಬಂದ. ಗೋಡೆಯ ಮೇಲಿದ್ದವರು ಅವನನ್ನು ಹಗ್ಗದಿಂದ ಮೇಲಕ್ಕೆಳೆದುಕೊಂಡರು. ಕುದುರೆ ಎಳೆಯುವ ಸಣ್ಣ ಫಿರಂಗಿಗಳು ಬಂದು ಬಾಗಿಲನ್ನು ಒಡೆದವು. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಮುಗಿದ ರೀತಿ ಭಯಂಕರ. ಮಹಲಿನಲ್ಲಿ ಅಡಗಿದ್ದ ಸುಮಾರು 100 ಸಿಪಾಯಿಗಳನ್ನು ಹೊರಗೆಳೆದು, ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ಒಟ್ಟು ಸುಮಾರು 350 ಸಿಪಾಯಿಗಳು ಆ ಬೆಳಗ್ಗೆ ಸತ್ತರು ಅನ್ನೋದು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಇನ್ನೂ ಹೆಚ್ಚು ಅನ್ನುವವರೂ ಇದ್ದಾರೆ. ವಿಚಾರಣೆಯ ನಂತರ ಆರು ಜನರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದರು, ಐದು ಜನರಿಗೆ ಗುಂಡು, ಎಂಟು ಜನರಿಗೆ ಗಲ್ಲು, ಐದು ಜನರಿಗೆ ಗಡೀಪಾರು. ಮೂರೂ ಬೆಟಾಲಿಯನ್‌ಗಳ ಹೆಸರನ್ನೇ ಸೇನೆಯ ಪಟ್ಟಿಯಿಂದ ಅಳಿಸಿದರು. ಪೇಟ, ನಾಮ, ಗಡ್ಡದ ಆದೇಶಗಳನ್ನು ಅದೇ ತಿಂಗಳು ವಾಪಸ್ ತೆಗೆದುಕೊಂಡರು. ಟಿಪ್ಪುವಿನ ಮಕ್ಕಳನ್ನು ದೂರದ ಕಲ್ಕತ್ತೆಗೆ ಸಾಗಿಸಿದರು. ಅಲ್ಲಿನ ಧರ್ಮತಲಾದಲ್ಲಿ ಇವತ್ತೂ ಇರುವ ಟಿಪ್ಪು ಸುಲ್ತಾನ್ ಮಸೀದಿಯನ್ನು 1842ರಲ್ಲಿ ಕಟ್ಟಿಸಿದ್ದು ಅವರಲ್ಲಿ ಒಬ್ಬನಾದ ಗುಲಾಂ ಮೊಹಮ್ಮದ್.

ಹಾಗಾದರೆ ಕಾರಣ ಯಾವುದು?

ದಂಗೆಯ ನಂತರ ಎಲ್ಲರೂ ತಮಗೆ ಬೇಕಾದ ಕಾರಣವನ್ನು ಆರಿಸಿಕೊಂಡರು. ಗವರ್ನರ್ ಸೇನಾಪತಿಯ ಕಡೆ ಬೆರಳು ತೋರಿಸಿದ, ಸೇನಾಪತಿ ಗವರ್ನರ್ ಕಡೆ. ಪೇಟ ಕಾರಣ ಅಂದರೆ ಆದೇಶ ಕೊಟ್ಟವರ ತಪ್ಪು. ಟಿಪ್ಪುವಿನ ಮಕ್ಕಳು ಕಾರಣ ಅಂದರೆ ಹೊಣೆ ಬೇರೆಯವರ ತಲೆಗೆ ಹೋಗುತ್ತೆ. ಇಂಗ್ಲೆಂಡಿನಲ್ಲಿ ಮಿಷನರಿಗಳು ಭಾರತಕ್ಕೆ ಹೋಗಬಾರದು ಅನ್ನುವವರು ‘ನೋಡಿ, ಧರ್ಮಕ್ಕೆ ಕೈ ಹಾಕಿದರೆ ಹೀಗಾಗುತ್ತೆ’ ಅಂದರು. ಹೋಗಬೇಕು ಅನ್ನುವವರು ‘ಇಲ್ಲ, ಇದು ಟಿಪ್ಪು ಮನೆತನದ ಪಿತೂರಿ’ ಅಂದರು. ಸರ್ಕಾರದ ವಿಚಾರಣಾ ಸಮಿತಿ ಎರಡನ್ನೂ ಹೆಸರಿಸಿತು: ಉಡುಪಿನ ಬದಲಾವಣೆ, ಮತ್ತು ಟಿಪ್ಪುವಿನ ಕುಟುಂಬ ಕೋಟೆಯಲ್ಲಿದ್ದದ್ದು. ಕಂಪನಿಯ ನಿರ್ದೇಶಕರು ಬೆಂಟಿಂಕ್ ಮತ್ತು ಕ್ರ್ಯಾಡಕ್ ಇಬ್ಬರನ್ನೂ 1807ರಲ್ಲಿ ವಾಪಸ್ ಕರೆಸಿಕೊಂಡರು.

ನನ್ನ ದಿನನಿತ್ಯದ ಕೆಲಸ ಡೇಟಾ ಜೊತೆ. ಒಂದು ಘಟನೆಗೆ ಎರಡು ಕಾರಣಗಳನ್ನು ಯಾರಾದರೂ ಹೇಳಿದರೆ, ಒಂದು ಇದ್ದು ಇನ್ನೊಂದು ಇಲ್ಲದ ಜಾಗಗಳಲ್ಲಿ ಏನಾಯಿತು ಅಂತ ಹುಡುಕೋದು ನಮ್ಮ ಅಭ್ಯಾಸ. ಇಲ್ಲೂ ಹಾಗೆ ಮಾಡಿ ನೋಡೋಣ.

ಮೊದಲು ಟಿಪ್ಪುವಿನ ಮಕ್ಕಳು. ಅವರು ವೆಲ್ಲೂರಿಗೆ ಬಂದದ್ದು 1799ರ ಯುದ್ಧ ಮುಗಿದ ಮೇಲೆ. 1806ರವರೆಗೂ ಅದೇ ಕೋಟೆ, ಅದೇ ರಾಜಕುಮಾರರು, ಅದೇ ಪಿಂಚಣಿ. ದಂಗೆ ಆಗಲಿಲ್ಲ. ಅವರ ಇರುವಿಕೆ ಮಾತ್ರ ಸಾಕಾಗಿದ್ದರೆ ಇಷ್ಟು ವರ್ಷ ಕಾಯಬೇಕಿರಲಿಲ್ಲ.

ಇನ್ನು ಪೇಟ. ಆದೇಶ ಹೋದದ್ದು ಇಡೀ ಮದ್ರಾಸ್ ಸೇನೆಗೆ. ಗೊಣಗಾಟ ಹಲವು ಕಡೆ ಇತ್ತು. ರಕ್ತ ಹರಿದದ್ದು ವೆಲ್ಲೂರಿನಲ್ಲಿ ಮಾತ್ರ. ಹಾಗಾದರೆ ಆದೇಶ ಒಂದೇ ಕೂಡ ಸಾಕಾಗಲಿಲ್ಲ.

ಈಗ ಹೈದರಾಬಾದ್. ಅಲ್ಲಿಯೂ ಕಂಪನಿಯ ಸೇನೆ ಇತ್ತು, ನಿಜಾಮನ ಆಸ್ಥಾನದಲ್ಲಿ ಬ್ರಿಟಿಷರನ್ನು ಕಂಡರಾಗದವರಿದ್ದರು. ವದಂತಿಗಳೂ ಬೇಕಾದಷ್ಟು. ಉಪ್ಪಿನ ರಾಶಿಗೆ ದನದ ಮತ್ತು ಹಂದಿಯ ರಕ್ತ ಸಿಂಪಡಿಸಿದ್ದಾರೆ, ಊರೂರಿಗೆ ಚರ್ಚ್ ಕಟ್ಟುತ್ತಾರೆ, ಹೀಗೆಲ್ಲಾ ದಕ್ಷಿಣದ ತುಂಬಾ ಸುದ್ದಿ ಓಡಾಡುತ್ತಿತ್ತು. ಇವತ್ತಿನ ವಾಟ್ಸ್ಯಾಪ್ ಫಾರ್ವರ್ಡ್ ನೆನಪಾದರೆ ತಪ್ಪಿಲ್ಲ. ಅಂದರೆ ವೆಲ್ಲೂರಿನಲ್ಲಿ ಇದ್ದದ್ದೆಲ್ಲ ಹೆಚ್ಚುಕಮ್ಮಿ ಅಲ್ಲೂ ಇತ್ತು. ಆದರೆ ಅಲ್ಲಿನ ಕಮಾಂಡರ್ ಕರ್ನಲ್ ಮಾಂಟ್ರೆಸರ್, ವೆಲ್ಲೂರಿನ ಸುದ್ದಿ ಬರುತ್ತಲೇ, ಮದ್ರಾಸಿನ ಅಪ್ಪಣೆಗೆ ಕಾಯದೆ ಉಡುಪಿನ ಆದೇಶವನ್ನು ತನ್ನ ಹೊಣೆಯ ಮೇಲೆ ನಿಲ್ಲಿಸಿಬಿಟ್ಟ. ಒಂದಿಷ್ಟು ಕಿತ್ತಾಟ ಆಮೇಲೂ ನಡೆಯಿತು, ಕೆಲವರನ್ನು ಹಿಡಿದು ಬೇರೆ ಕಡೆ ಕಳಿಸಿದ. ಆದರೆ ದಂಗೆ ಆಗಲಿಲ್ಲ.

ಕೊನೆಗೆ ನಮ್ಮದೇ ನಂದಿ ಬೆಟ್ಟ. ಬೆಂಗಳೂರಿಗೆ ರಜೆಗೆ ಹೋದಾಗ ಸೂರ್ಯೋದಯ ನೋಡೋಕೆ ನಿಮ್ಮ ಕಸಿನ್ಸ್ ಕರೆದುಕೊಂಡು ಹೋಗುವ ಅದೇ ನಂದಿ. 1806ರಲ್ಲಿ ಅದು ನಂದಿದುರ್ಗ, ಸೈನ್ಯ ಇದ್ದ ಕೋಟೆ. ಅಲ್ಲಿ ರಾಜಕುಮಾರರು ಇರಲಿಲ್ಲ. ಉಡುಪಿನ ಆದೇಶ ಕೂಡ ರದ್ದಾಗಿ ತಿಂಗಳುಗಳೇ ಆಗಿದ್ದವು. ಆದರೂ ಅಕ್ಟೋಬರಿನಲ್ಲಿ, ಸಿಪಾಯಿಗಳು ಒಂದು ರಾತ್ರಿ ಎದ್ದು ಯುರೋಪಿಯನ್ ಅಧಿಕಾರಿಗಳನ್ನು ಮುಗಿಸುತ್ತಾರೆ ಅನ್ನೋ ಸುಳಿವು ಸಿಕ್ಕಿತು. ಅಧಿಕಾರಿಗಳೆಲ್ಲ ಒಂದೇ ಮನೆಯಲ್ಲಿ ಸೇರಿ ರಾತ್ರಿ ಕಳೆದರು. ಮಾರನೇ ದಿನ ಬೆಂಗಳೂರಿನಿಂದ ಕರ್ನಲ್ ಡೇವಿಸ್ ಕುದುರೆ ದಳ ತಂದ ಮೇಲೆ ಅವರು ಉಸಿರು ಬಿಟ್ಟರು.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣೋದು ಇದು. ಪೇಟ ನಿಜವಾದ ಕಾರಣವೇ, ನೆಪ ಅಲ್ಲ. ಟಿಪ್ಪುವಿನ ಬಾವುಟವೂ ನಿಜ. ಆದರೆ ದಂಗೆಯಾಗುವ ಜಾಗಕ್ಕೂ ಆಗದ ಜಾಗಕ್ಕೂ ಇದ್ದ ಮುಖ್ಯ ವ್ಯತ್ಯಾಸ ಇನ್ನೊಂದು: ‘ಇದು ನಮಗೆ ಆಗಲ್ಲ’ ಅಂತ ಹೇಳೋಕೆ ದಾರಿ ಇತ್ತೋ ಇಲ್ಲವೋ. ವೆಲ್ಲೂರಿನಲ್ಲಿ ಹೇಳಿದ ಇಬ್ಬರಿಗೆ 900 ಏಟು ಬಿತ್ತು. ಉಳಿದ ಸಿಪಾಯಿಗಳು ಅದನ್ನು ಕೇಳಿಸಿಕೊಂಡರು. ಆ ಮೇಲೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಗುಟ್ಟಾಗಿ ಸೇರಿದರು. ಗುಟ್ಟಾಗಿ ಸೇರಿದವರಿಗೆ ಬಾವುಟ ಬೇಕು, ದೊರೆ ಬೇಕು. ಎರಡೂ ಅದೇ ಕೋಟೆಯಲ್ಲಿ ಸಿಕ್ಕವು. ನಂದಿದುರ್ಗದ ಕಥೆ ಹೇಳೋದು ಇನ್ನೊಂದು: ಆದೇಶವನ್ನು ವಾಪಸ್ ತೆಗೆದುಕೊಳ್ಳೋದು ಒಂದು ಸಹಿಯ ಕೆಲಸ, ಕಳೆದುಹೋದ ನಂಬಿಕೆ ಅದರ ಜೊತೆಗೇ ವಾಪಸ್ ಬರಲ್ಲ. ಎರಡೂ ಕಡೆಯವರು ಒಬ್ಬರಿಗೊಬ್ಬರು ಹೆದರಿಕೊಂಡೇ ಮಲಗಿದರು.

ಒಂದು ಎಚ್ಚರಿಕೆ. ನಮಗೆ ಸಿಗುವ ದಾಖಲೆ ಹೆಚ್ಚೂಕಮ್ಮಿ ಎಲ್ಲಾ ಬ್ರಿಟಿಷ್ ಅಧಿಕಾರಿಗಳು ಬರೆದದ್ದು. ಸಿಪಾಯಿಗಳ ಮಾತು ಇದೆ, ಆದರೆ ಅದು ವಿಚಾರಣೆಯಲ್ಲಿ, ನೇಣಿನ ನೆರಳಿನಲ್ಲಿ ನಿಂತು ಹೇಳಿದ್ದು. ಸತ್ತ ನೂರಾರು ಜನರ ಮಾತು ಯಾವ ಕಾಗದದಲ್ಲೂ ಇಲ್ಲ. ಗಿಲ್ಲೆಸ್ಪಿಯ ಮೇಲೆ ಇಂಗ್ಲಿಷಿನಲ್ಲಿ ಪದ್ಯವೇ ಇದೆ. ಆದ್ದರಿಂದ ‘ಧರ್ಮವೇ ಕಾರಣ’ ಅಂತ ಯಾರಾದರೂ ಬರೆದಿದ್ದರೆ, ಬರೆದವರು ಯಾರು, ಹಾಗೆ ಬರೆದರೆ ಅವರಿಗೆ ಏನು ಅನುಕೂಲ ಅಂತ ಒಮ್ಮೆ ಕೇಳಿಕೊಳ್ಳಿ.

ಟಿಪ್ಪು ಹೆಸರು ಬಂದಾಗ ನಮ್ಮ ಮನೆಗಳಲ್ಲಿ ಧ್ವನಿ ಏರೋದೂ ನನಗೆ ಗೊತ್ತು. ಕೊಡಗಿನಲ್ಲಿ, ಮೇಲುಕೋಟೆಯಲ್ಲಿ ಅವನ ನೆನಪು ಬೇರೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಿ ಕೈಮುಗಿಯುವವರ ನೆನಪು ಬೇರೆ. ಆ ಜಗಳವನ್ನು ಇಲ್ಲಿ ತೀರಿಸೋಕಾಗಲ್ಲ. ಆದರೆ ಆ ಬಾವುಟದ ಕೆಳಗೆ ಅವತ್ತು ನಾಮ ಇಡುವವನೂ ಗಡ್ಡ ಬಿಡುವವನೂ ಒಟ್ಟಿಗೇ ನಿಂತಿದ್ದರು. ಅದು ಟಿಪ್ಪುವಿನ ಮೇಲಿನ ಪ್ರೀತಿಗಿಂತ ಹೆಚ್ಚಾಗಿ, ಇಬ್ಬರಿಗೂ ಒಂದೇ ಅವಮಾನ ಆಗಿತ್ತು ಅನ್ನೋದರ ಸಾಕ್ಷಿ.

ಬೆಂಟಿಂಕ್ ಏನು ಕಲಿತ?

ಕೆಲಸ ಕಳೆದುಕೊಂಡ ಬೆಂಟಿಂಕ್ ಇಪ್ಪತ್ತು ವರ್ಷಗಳ ಮೇಲೆ ವಾಪಸ್ ಬಂದ, ಈ ಸಲ 1828ರಲ್ಲಿ ಗವರ್ನರ್ ಜನರಲ್ ಆಗಿ. ಕನ್ನಡಿಗರಿಗೆ ಅವನು ಗೊತ್ತಿರೋದು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಮೈಸೂರಿನ ಆಡಳಿತ ತೆಗೆದುಕೊಂಡವನು ಅಂತ. ಶಾಲೆಯ ಪುಸ್ತಕದಲ್ಲಿ 1829ರಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದವನು ಅಂತ.

ಸತಿಯ ಕಾನೂನಿಗೆ ಮುಂಚೆ ಅವನು ಮಾಡಿದ ಒಂದು ಕೆಲಸ ಗಮನಿಸಿ. ಅನುಭವಿ ಸೇನಾಧಿಕಾರಿಗಳಿಗೆ ಗುಟ್ಟಾಗಿ ಪತ್ರ ಬರೆದು ಕೇಳಿದ: ಇದನ್ನು ನಿಷೇಧಿಸಿದರೆ ಸಿಪಾಯಿಗಳು ಏನೆಂದುಕೊಳ್ಳುತ್ತಾರೆ? ಉತ್ತರಗಳನ್ನು ಓದಿದ ಮೇಲೆ ಮುಂದೆ ಹೋದ. ಮದ್ರಾಸಿನಲ್ಲಿ ಕೇಳದೆ ಸಹಿ ಹಾಕಿದವನು ಈಗ ಕೇಳಿ ಸಹಿ ಹಾಕಿದ. ಹೋಗುವ ಮುಂಚೆ, 1835ರಲ್ಲಿ, ಭಾರತೀಯ ಸಿಪಾಯಿಗಳಿಗೆ ಚಾವಟಿ ಏಟಿನ ಶಿಕ್ಷೆಯನ್ನೂ ರದ್ದು ಮಾಡಿದ.

ಆದರೆ ಅವನು ಕಲಿತದ್ದನ್ನು ಸೇನೆ ಕಲಿಯಲಿಲ್ಲ. 1824ರಲ್ಲಿ ಬರಾಕ್‌ಪುರದಲ್ಲಿ, ಬರ್ಮಾ ಯುದ್ಧಕ್ಕೆ ಹೊರಡಬೇಕಿದ್ದ ಸಿಪಾಯಿಗಳು ಸಮುದ್ರ ದಾಟಿಸುತ್ತಾರೆ ಅನ್ನೋ ಭಯ, ಸಾಮಾನು ಹೊರುವ ಎತ್ತುಗಳ ಖರ್ಚು, ಎಲ್ಲಾ ಸೇರಿ ಹೊರಡಲ್ಲ ಅಂದಾಗ, ಉತ್ತರವಾಗಿ ಬಂದದ್ದು ಫಿರಂಗಿ. 1857ರಲ್ಲಿ ಪೇಟದ ಚರ್ಮದ ಜಾಗಕ್ಕೆ ತೋಟಾದ ಕೊಬ್ಬು ಬಂತು. ಪ್ರಶ್ನೆ ಮಾತ್ರ ಅದೇ: ದನದ್ದೋ, ಹಂದಿಯದ್ದೋ? ಮೀರತ್ತಿನಲ್ಲಿ ತೋಟಾ ಮುಟ್ಟಲ್ಲ ಅಂದ 85 ಸವಾರರಿಗೆ ಎಲ್ಲರೆದುರು ಬೇಡಿ ತೊಡಿಸಿದರು. ಮರುದಿನವೇ ದಂಗೆ.

ನಮಗೆ ಇದು ಯಾಕೆ?

ಇಲ್ಲಿ ಬೆಳೆದ ನಿಮಗೆ ಇದು 200 ವರ್ಷ ಹಳೆಯ, ಎರಡು ದೇಶ ಆಚೆಯ ಕಥೆ ಅನ್ನಿಸಬಹುದು. ಆದರೆ ಸಮವಸ್ತ್ರ, ತಲೆ, ಮುಖದ ಪ್ರಶ್ನೆ ನಮ್ಮ ಊರುಗಳಲ್ಲೂ ಬರುತ್ತೆ. ಮೆಲ್ಬರ್ನಿನ ಪಶ್ಚಿಮದಲ್ಲಿ ಒಂದು ಖಾಸಗಿ ಶಾಲೆ, ಪೇಟ ನಮ್ಮ ಸಮವಸ್ತ್ರಕ್ಕೆ ಹೊಂದಲ್ಲ ಅಂತ ಒಬ್ಬ ಪುಟ್ಟ ಸಿಖ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಮನೆಯವರು ವಿಕ್ಟೋರಿಯಾದ ಸಿವಿಲ್ ಟ್ರಿಬ್ಯೂನಲ್‌ಗೆ ಹೋದರು. 2017ರಲ್ಲಿ, ಇದು ತಾರತಮ್ಯ ಅಂತ ತೀರ್ಪು ಬಂತು. 2021ರ ಮೇ ತಿಂಗಳಲ್ಲಿ, ಸಿಡ್ನಿಯ ಶಾಲೆಯೊಂದರಲ್ಲಿ ಇರಿತ ಆದ ಮೇಲೆ, ನ್ಯೂ ಸೌತ್ ವೇಲ್ಸ್ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಸಿಖ್ಖರ ಕಿರ್ಪಾಣವನ್ನು ನಿಷೇಧಿಸಿತು. ಮಕ್ಕಳ ಸುರಕ್ಷತೆಯ ಆತಂಕ ನಿಜವಾದದ್ದೇ. ಸಮುದಾಯದವರ ಜೊತೆ ಮಾತುಕತೆ ಆಯಿತು. ಆಗಸ್ಟ್ ಹೊತ್ತಿಗೆ ಕೆಲವು ನಿಬಂಧನೆಗಳ ಜೊತೆ ನಿಷೇಧ ಸಡಿಲವಾಯಿತು. ಕರ್ನಾಟಕದಲ್ಲಿ 2022ರಲ್ಲಿ ಉಡುಪಿಯಿಂದ ಶುರುವಾದ ಹಿಜಾಬ್ ವಿವಾದ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಬರೆದರು.

ಶಾಲೆ ಸೈನ್ಯ ಅಲ್ಲ, ಪ್ರಜೆ ಸಿಪಾಯಿ ಅಲ್ಲ. ಈ ವಿವಾದಗಳಲ್ಲಿ ಯಾವ ಕಡೆ ಸರಿ ಅಂತ ವೆಲ್ಲೂರು ನಮಗೆ ಹೇಳಿಕೊಡಲ್ಲ. ಆದರೆ ಇಂಥ ಸುದ್ದಿ ಬಂದಾಗ ‘ಒಂದು ಬಟ್ಟೆಗೆ ಇಷ್ಟು ಗಲಾಟೆ ಬೇಕಾ’ ಅಂತ ನಾವು ಕೇಳೋದಿದೆಯಲ್ಲ, ಅದೇ ಪ್ರಶ್ನೆಯನ್ನು 1806ರಲ್ಲಿ ಮದ್ರಾಸಿನ ಕಚೇರಿಯಲ್ಲಿ ಕೂತವರೂ ಕೇಳಿದ್ದರು. ಅದರ ಬದಲು ಕೇಳಬಹುದಾದ ಎರಡು ಪ್ರಶ್ನೆ ಇವೆ: ಆಗಲ್ಲ ಅಂದವರು ಏನು ಕಳೆದುಕೊಳ್ಳುತ್ತಾರೆ? ಅದನ್ನು ಅವರು ಯಾರ ಹತ್ತಿರ ಹೋಗಿ ಹೇಳಬಹುದು?

ಮುಂದಿನ ಸಲ ಊರಿಗೆ ಹೋದಾಗ, ಬೆಂಗಳೂರಿನಿಂದ ಬೆಳಗ್ಗೆ ಹೊರಟರೆ ಸಂಜೆಗೆ ವೆಲ್ಲೂರು ನೋಡಿ ಬರಬಹುದು. ಕೋಟೆಯ ಹತ್ತಿರ 1806ರ ನೆನಪಿಗೆ ಒಂದು ಕಂಬ ಇದೆ. ಅಜ್ಜಿ ತಾತ ಜೊತೆಗಿದ್ದರೆ ಜಲಕಂಠೇಶ್ವರನ ದರ್ಶನವೂ ಆಗುತ್ತೆ. ಟಿಪ್ಪುವಿನ ಮಕ್ಕಳಿದ್ದ ಮಹಲುಗಳನ್ನೂ ಕೇಳಿ ನೋಡಿ ಬನ್ನಿ.